ಸಭೆಯೊಳಗೆ ಜಗಳ ಬಂದಾಗ: ಮೊದಲ ಮಾತಿನಿಂದ ಒಪ್ಪಂದದ ಕಾಗದದವರೆಗೆ

ಕ್ರೈಸ್ತ ಸಭೆಯಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಬಳಗದಲ್ಲಿ, ಇಬ್ಬರ ನಡುವೆ ಮನಸ್ತಾಪ ಬಂದರೆ, ನೊಂದವರು ಅದನ್ನು ಮೊಟ್ಟಮೊದಲು ಯಾರ ಮುಂದೆ ಹೇಳಿಕೊಳ್ಳುತ್ತಾರೋ ಅದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ನೋಯಿಸಿದವರ ಮುಂದೆಯೇ ಹೇಳಿದರೆ ಅದು ಎರಡು ಮನೆಯ ಮಾತಾಗಿ ಉಳಿಯುತ್ತದೆ. ಬೀಗರ ಮುಂದೆ ಹೇಳಿದರೆ ನಾಲ್ಕು ಮನೆಗೆ ಹಬ್ಬುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಿದರೆ ಭಾನುವಾರದ ಆರಾಧನೆ ಹೊತ್ತಿಗೆ ಇಡೀ ಸಭೆ ಆ ಕಡೆ ಈ ಕಡೆ ಎಂದು ಬೇರೆ ಬೇರೆ ಬೆಂಚು ಹಿಡಿದಿರುತ್ತದೆ. ಮೂಲ ಕಾರಣ ಮೂರೂ ಸಲ ಒಂದೇ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಭೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಭಾ ಹಿರಿಯರಿಗೆ, ಕಮಿಟಿಯವರಿಗೆ, ಮಹಿಳಾ ಸಂಘದ ಅಕ್ಕಂದಿರಿಗೆ, ಯುವಜನ ಸಂಘದವರಿಗೆ, ಮುಖ್ಯವಾಗಿ ಈಗ ನೋವು ನುಂಗಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುವವರಿಗೆ ಇದು ಉಪಯೋಗಕ್ಕೆ ಬರಲಿ.

ನಮ್ಮ ಕಡೆಯ ಜಗಳದ ಬೇರು

ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡದಲ್ಲಿ ಕೆಲಸ ಶುರು ಮಾಡಿದ್ದು 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಗದಗಿನ ಪಕ್ಕದ ಬೆಟಗೇರಿಯಲ್ಲಿ 1841ರಲ್ಲಿ. ಅಂದರೆ ಇಲ್ಲಿಯ ಹಳೆಯ ಸಭೆಗಳಲ್ಲಿ ತಲೆಮಾರುಗಳೇ ಕಳೆದಿವೆ, ಕೊಟ್ಟು ತಂದ ಸಂಬಂಧಗಳು ಹೆಣೆದುಕೊಂಡಿವೆ. ಮಿಷನ್ನು ಚರ್ಚಿನ ಜೊತೆಗೆ ಶಾಲೆ, ಹಾಸ್ಟೆಲು, ಆಸ್ಪತ್ರೆ, ಕಾಂಪೌಂಡಿನ ಮನೆಗಳನ್ನೂ ಕಟ್ಟಿತು. ಅದರಿಂದ ಸಾವಿರಾರು ಜನ ಓದಿದರು, ಬದುಕು ಕಂಡರು. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಒಬ್ಬ ಮನುಷ್ಯನ ಆರಾಧನೆ, ನೌಕರಿ, ಇರುವ ಮನೆ, ಮಗಳ ಸಂಬಂಧ ಇಷ್ಟೂ ಒಂದೇ ಬಳಗದ ಕೈಯಲ್ಲಿರಬಹುದು. ಶಾಲೆಯಲ್ಲಿ ಬಡ್ತಿ ತಪ್ಪಿದ ಸಿಟ್ಟು ಕ್ವೈರಿನಲ್ಲಿ (ಚರ್ಚಿನ ಹಾಡುವ ತಂಡದಲ್ಲಿ) ಯಾವ ಹಾಡು ಹಾಡಬೇಕು ಎಂಬ ವಾದವಾಗಿ ಹೊರಬೀಳುತ್ತದೆ. ಹಾಡಿನ ವಾದವನ್ನು ಎಷ್ಟು ಬಗೆಹರಿಸಿದರೂ ಅದು ಬಗೆಹರಿಯುವುದಿಲ್ಲ.

ಹುಬ್ಬಳ್ಳಿಯ ಕಥೆ ಸ್ವಲ್ಪ ಬೇರೆ. ರೈಲ್ವೆ ಮತ್ತು ಅದರ ವರ್ಕ್‌ಶಾಪು ತಮಿಳು, ತೆಲುಗು, ಕೊಂಕಣಿ ಮಾತಾಡುವ ಕುಟುಂಬಗಳನ್ನು ಊರಿಗೆ ತಂದವು. ಯಾವ ಭಾಷೆಯ ಆರಾಧನೆ ಎಷ್ಟು ಗಂಟೆಗೆ, ಕ್ರಿಸ್ಮಸ್ ಬೆಳಗ್ಗೆ ಮುಖ್ಯ ಹೊತ್ತು ಯಾರಿಗೆ ಎನ್ನುವುದು ಅಲ್ಲಿ ನಿಜವಾದ ಪ್ರಶ್ನೆ. ಹಾವೇರಿ ಕಡೆಯ ಸಣ್ಣ ಸಭೆಗಳಲ್ಲಿ ಹತ್ತಿಪ್ಪತ್ತು ಮನೆ, ಎಲ್ಲರೂ ಎಲ್ಲರಿಗೂ ಗೊತ್ತು. ಒಂದು ಮನೆ ಮುನಿಸಿಕೊಂಡರೆ ಅರ್ಧ ಸಭೆಯೇ ಖಾಲಿ. ಸ್ವತಂತ್ರ ಸಭೆಗಳಲ್ಲಿ ಪಾಸ್ಟರ್ ಮನೆಯವರೇ ಖಜಾಂಚಿ, ಅವರೇ ಟ್ರಸ್ಟಿ, ಮೇಲೆ ಕೇಳುವವರಿಲ್ಲ. ನಿಮ್ಮದು ಇವುಗಳಲ್ಲಿ ಯಾವ ಬಗೆಯ ಸಭೆ ಎಂದು ಮೊದಲು ಗುರುತಿಸಿಕೊಳ್ಳಿ. ಹಂತಗಳು ಎಲ್ಲ ಕಡೆಗೂ ಅವೇ, ಒತ್ತು ಕೊಡಬೇಕಾದ ಜಾಗ ಬೇರೆ.

ಹಂತ 1: ಇದು ಜಗಳವೋ ಅಪರಾಧವೋ ನೋಡಿ

ರಾಜಿಗೆ ಕೂಡುವ ಮೊದಲು ಈ ಪ್ರಶ್ನೆ ಕೇಳಲೇಬೇಕು. ಮಗುವಿನ ಮೇಲೆ ದೌರ್ಜನ್ಯ, ಹೆಣ್ಣುಮಕ್ಕಳ ಮೇಲೆ ಕೈ ಹಾಕುವುದು, ಮನೆಯೊಳಗಿನ ಹೊಡೆತ, ಜೀವಬೆದರಿಕೆ ಇವು ಮನಸ್ತಾಪಗಳಲ್ಲ. ಇವನ್ನು ಹಿರಿಯರು ಕೂತು ಬಗೆಹರಿಸಬಾರದು, ಬಗೆಹರಿಸುವ ಅಧಿಕಾರವೂ ಅವರಿಗಿಲ್ಲ.

2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಡಿ ಶಿಕ್ಷೆ ಇದೆ. ಸಂಡೇ ಸ್ಕೂಲ್ ಶಿಕ್ಷಕಿ, ಹಾಸ್ಟೆಲ್ ವಾರ್ಡನ್, ಸಭಾಪಾಲಕರು, ಯಾರೂ ಹೊರತಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಶಾಲೆ, ಆಸ್ಪತ್ರೆ, ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದು ಚರ್ಚ್ ನಡೆಸುವ ಸಂಸ್ಥೆಗೂ ಅನ್ವಯಿಸುತ್ತದೆ.

ಇಂಥ ಹೊತ್ತಿನಲ್ಲಿ ಯಾರಾದರೂ ಸತ್ಯವೇದದ (ಬೈಬಲಿನ) 1 ಕೊರಿಂಥ 6ನೇ ಅಧ್ಯಾಯ ತೆಗೆಯುತ್ತಾರೆ: ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಬಾರದು ಎಂದು ಅಪೊಸ್ತಲ ಪೌಲ ಬರೆದಿದ್ದಾನಲ್ಲ ಎನ್ನುತ್ತಾರೆ. ಪೌಲ ಅಲ್ಲಿ ಮಾತಾಡುತ್ತಿರುವುದು ಸಹೋದರರ ನಡುವಿನ ಲೌಕಿಕ ವ್ಯಾಜ್ಯಗಳ ಬಗ್ಗೆ, ಒಬ್ಬರನ್ನೊಬ್ಬರು ವಂಚಿಸುವುದರ ಬಗ್ಗೆ. ಮಗುವಿಗೆ ಅನ್ಯಾಯ ಮಾಡಿದವನನ್ನು ಬಚ್ಚಿಡಲು ಆ ವಚನವನ್ನು ಬಳಸುವುದು ದೊಡ್ಡ ಪಾಪ. ಸಭೆಯ ಮಾನ ಹೋಗುತ್ತದೆ ಎಂಬ ಮಾತಿಗೂ ಕಿವಿಗೊಡಬೇಡಿ. ದೂರು ಕೊಟ್ಟ ಮನೆಯ ಜೊತೆ ನಿಲ್ಲಿ, ಪೊಲೀಸ್ ಠಾಣೆಗೆ ಅವರ ಜೊತೆ ಒಬ್ಬ ಹೆಣ್ಣುಮಗಳನ್ನು ಕಳಿಸಿ.

ಉಳಿದ ಜಗಳಗಳಿಗೆ ಮುಂದಿನ ಹಂತಗಳು.

ಹಂತ 2: ಕಾಗದ ತಗೊಂಡು ಮೂರು ಭಾಗ ಮಾಡಿ

ಸಿಟ್ಟು ಬಂದ ದಿನ ಏನೂ ಮಾಡಬೇಡಿ. ಒಂದು ರಾತ್ರಿ ಕಳೆಯಲಿ. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಹೊತ್ತು ಮುಳುಗುವ ಮುಂಚೆ ಸಿಟ್ಟು ಬಿಡಿ ಎಂದಿದೆ, ನಿಜ. ಆದರೆ ಹೊತ್ತು ಮುಳುಗುವ ಮುಂಚೆ ಹೋಗಿ ಬೈದು ಬನ್ನಿ ಎಂದು ಅದರ ಅರ್ಥವಲ್ಲ. ಮರುದಿನ ಬೆಳಗ್ಗೆ ಒಂದು ಹಾಳೆಯಲ್ಲಿ ಮೂರು ಕಡೆ ಬರೆಯಿರಿ: ನಾನು ಕಂಡದ್ದು, ಬೇರೆಯವರಿಂದ ಕೇಳಿದ್ದು, ನಾನೇ ಅಂದುಕೊಂಡದ್ದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಹರಾಜು ನಡೆಯುತ್ತದೆ. ಮಹಿಳಾ ಸಂಘದವರು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಮಾರಾಟಕ್ಕಿಡುತ್ತಾರೆ. ಬಂದ ಹಣವನ್ನೆಲ್ಲ ಖಜಾಂಚಿಯ ಕೈಗೆ ಕೊಡುತ್ತಾರೆ. ತಿಂಗಳ ನಂತರ ಸಭೆಯಲ್ಲಿ ಲೆಕ್ಕ ಓದಿದಾಗ ಮಹಿಳಾ ಸಂಘದ ಹೆಸರೇ ಬರುವುದಿಲ್ಲ. ಸಂಘದ ಹಿರಿಯಕ್ಕನಿಗೆ ನೋವಾಗುತ್ತದೆ.

ಆಕೆ ಬರೆದರೆ ಹೀಗಿರುತ್ತದೆ. ಕಂಡದ್ದು: ಓದಿದ ಲೆಕ್ಕದಲ್ಲಿ ನಮ್ಮ ಸಂಘದ ಸಾಲು ಇರಲಿಲ್ಲ. ಕೇಳಿದ್ದು: 'ಅದೇನ್ ದೊಡ್ಡ ರೊಕ್ಕ' ಅಂತ ಖಜಾಂಚಿ ಯಾರದೋ ಮುಂದೆ ಅಂದರಂತೆ. ಅಂದುಕೊಂಡದ್ದು: ಹೆಣ್ಣುಮಕ್ಕಳ ದುಡಿಮೆಗೆ ಇವರ ಹತ್ತಿರ ಕಿಮ್ಮತ್ತಿಲ್ಲ, ಬಹುಶಃ ಹಣವೂ ಎಲ್ಲೋ ಹೋಗಿದೆ.

ಮಾತಾಡಲು ಹೋಗುವಾಗ ಮೊದಲನೆಯದನ್ನು ಮಾತ್ರ ಒಯ್ಯಬೇಕು. ಎರಡನೆಯದನ್ನು ಒಯ್ದರೆ ಯಾರು ಹೇಳಿದರು ಎಂಬ ಇನ್ನೊಂದು ಜಗಳ ಹುಟ್ಟುತ್ತದೆ. ಮೂರನೆಯದನ್ನು ಒಯ್ದರೆ ಎದುರಿನವರು ತಮ್ಮ ಮರ್ಯಾದೆ ಉಳಿಸಿಕೊಳ್ಳುವುದಕ್ಕೆ ನಿಲ್ಲುತ್ತಾರೆ, ಲೆಕ್ಕದ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಂತ ಆ ಎರಡು ಭಾಗ ಬರೆಯುವುದು ದಂಡವಲ್ಲ. ನಮ್ಮ ಸಿಟ್ಟಿನಲ್ಲಿ ಎಷ್ಟು ಪಾಲು ಕಣ್ಣಾರೆ ಕಂಡದ್ದಲ್ಲ ಎಂಬುದು ಬರೆದಾಗಲೇ ಗೊತ್ತಾಗುತ್ತದೆ.

ಹಂತ 3: ಒಬ್ಬರೇ ಹೋಗಿ

ಮತ್ತಾಯ 18:15ರಲ್ಲಿ ಯೇಸು ಹೇಳಿದ ಮೊದಲ ಮೆಟ್ಟಿಲು ಇದು: ನಿನ್ನ ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು. ಈ ವಚನ ಎಲ್ಲರಿಗೂ ಬಾಯಿಪಾಠ, ಆದರೂ ನಮ್ಮ ಸಭೆಗಳಲ್ಲಿ ಅತಿ ಹೆಚ್ಚು ದಾಟಿಹೋಗುವ ಮೆಟ್ಟಿಲು ಇದೇ. ಹೆಚ್ಚಿನವರು ನೇರ ಪಾಸ್ಟರ್ ಮನೆಗೆ ಹೋಗುತ್ತಾರೆ. ಪಾಸ್ಟರಿಗೆ ಅದು ಸಂಕಟ. ಕೇಳಿಸಿಕೊಂಡರೆ ಒಂದು ಕಡೆಯವರಾದಂತೆ, ಕೇಳದಿದ್ದರೆ ಕರುಣೆ ಇಲ್ಲದವರಂತೆ. ನಿಮ್ಮ ಹತ್ತಿರ ಯಾರಾದರೂ ಇಂಥ ದೂರು ತಂದರೆ ಮೊದಲು ಒಂದೇ ಪ್ರಶ್ನೆ ಕೇಳಿ: 'ಅವರ ಜೋಡಿ ಮಾತಾಡೀರೇನ್ರಿ?' ಇಲ್ಲ ಎಂದರೆ ಹೋಗಿ ಮಾತಾಡಲು ಧೈರ್ಯ ಕೊಡಿ, ಬೇಕಾದರೆ ಏನು ಹೇಳಬೇಕೆಂದು ಕೂತು ಸಿದ್ಧಪಡಿಸಿ.

ಎಲ್ಲಿ ಮಾತಾಡಬೇಕು? ಆರಾಧನೆ ಬಿಟ್ಟ ಮೇಲೆ ಚರ್ಚಿನ ಅಂಗಳದಲ್ಲಿ ಬೇಡ, ಹತ್ತು ಜನ ನೋಡುತ್ತಿರುತ್ತಾರೆ. ಫೋನಿನಲ್ಲಿ ಬೇಡ, ಮುಖ ಕಾಣುವುದಿಲ್ಲ. ಮುಂಚೆ ಹೇಳಿ ಅವರ ಮನೆಗೆ ಹೋಗುವುದು ನಮ್ಮ ಕಡೆಯ ರೀತಿ. ಮನೆಗೆ ಬಂದವರಿಗೆ ಚಹಾ ಕೊಡದೆ ಯಾರೂ ಕಳಿಸುವುದಿಲ್ಲ, ಚಹಾ ಕುಡಿಯುತ್ತ ದನಿ ಏರಿಸುವುದೂ ಕಷ್ಟ. ಗಂಡಸು ಹೆಣ್ಣುಮಗಳ ಜೊತೆ, ಹೆಣ್ಣುಮಗಳು ಗಂಡಸಿನ ಜೊತೆ ಮಾತಾಡಬೇಕಾದಾಗ ಮನೆಯವರು ಒಬ್ಬರು ಪಕ್ಕದ ಖೋಲಿಯಲ್ಲಿರಲಿ. ಇನ್ನು, ಎದುರಿನವರು ನಿಮಗೆ ಸಂಬಳ ಕೊಡುವವರಾಗಿದ್ದರೆ ಅಥವಾ ಅವರನ್ನು ಕಂಡರೆ ನಿಮಗೆ ಭಯ ಇದ್ದರೆ ಒಬ್ಬರೇ ಹೋಗಬೇಕಾಗಿಲ್ಲ. ಸೀದಾ ಐದನೇ ಹಂತಕ್ಕೆ ಬನ್ನಿ.

ಏನು ಹೇಳಬೇಕು? ನಮ್ಮ ಹಿರಿಯಕ್ಕ ಖಜಾಂಚಿಯ ಮನೆಯಲ್ಲಿ ಕೂತು ಹೀಗೆ ಹೇಳಬಹುದು:

'ಅಣ್ಣಾರ, ಮೊನ್ನೆ ಲೆಕ್ಕಾ ಓದಿದಾಗ ನಮ್ಮ ಮಹಿಳಾ ಸಂಘದ್ದು ಬರಲಿಲ್ಲ. ನನಗ ಭಾಳ ಬ್ಯಾಸರಾತು. ಎಲ್ಲಿ ಸೇರಸೀರಿ ಅಂತ ಕೇಳಾಕ ಬಂದೀನಿ.'

ಮೂರೇ ಮಾತು: ಆದದ್ದು, ನನಗೆ ಅನಿಸಿದ್ದು, ನನ್ನ ಪ್ರಶ್ನೆ. ಅನೇಕ ಸಲ ಉತ್ತರ ಹೀಗಿರುತ್ತದೆ:

'ಇತರೆ ಜಮಾ ಅಂತ ಐತಲ್ಲರಿ ಅಕ್ಕಾರ, ಅದರಾಗ ಐತಿ. ಬ್ಯಾರೆ ತೋರಸಬೇಕು ಅಂತ ನನಗ ಹೊಳೀಲಿಲ್ಲ.'

ಇದನ್ನೇ 'ನಿಮಗ ಯಾವಾಗಲೂ ಹೆಣ್ಮಕ್ಕಳಂದ್ರ ಸಸಾರ' ಎಂದು ಶುರು ಮಾಡಿದ್ದರೆ ಉತ್ತರವೂ ಬೇರೆಯೇ ಇರುತ್ತಿತ್ತು. 'ಯಾವಾಗಲೂ', 'ನಿಮ್ಮ ಮನೆತನವೇ ಹಂಗ', 'ಎಲ್ಲಾರೂ ಅಂತಾರ' ಎಂಬ ಮೂರು ಮಾತನ್ನು ಬಾಯಿಗೆ ಬರದಂತೆ ತಡೆದರೆ ಅರ್ಧ ಕೆಲಸ ಆದಂತೆ. ಕೇಳಿದ ಪ್ರಶ್ನೆಗೆ ಉತ್ತರ ಬರುವ ತನಕ ಸುಮ್ಮನೆ ಕೂಡುವುದು ಇನ್ನರ್ಧ.

ಹಂತ 4: ವಾಟ್ಸಾಪಿನಿಂದ ದೂರ ಇಡಿ

ಇದಕ್ಕೆ ಬೇರೆ ಹಂತವೇ ಬೇಕು ಎನ್ನುವಷ್ಟು ಹಾನಿ ಆಗಿದೆ. ರಾತ್ರಿ ಹನ್ನೊಂದಕ್ಕೆ ಹಾಕಿದ ಒಂದು ವಾಯ್ಸ್ ಮೆಸೇಜು ಬೆಳಗ್ಗೆ ಆರಕ್ಕೆ ಬೆಂಗಳೂರು, ದುಬೈ, ಮಂಗಳೂರಿನಲ್ಲಿರುವ ಬಂಧುಗಳನ್ನೆಲ್ಲ ಮುಟ್ಟಿರುತ್ತದೆ. ಸಭೆಗೆ ಬರದ, ಆ ಊರಿನಲ್ಲೇ ಇಲ್ಲದ ಜನ ಪಕ್ಷ ಹಿಡಿಯುತ್ತಾರೆ. ಬರೆದವರು ಅಳಿಸಿದರೂ ಸ್ಕ್ರೀನ್‌ಶಾಟ್ ಉಳಿಯುತ್ತದೆ.

ಸಭೆಯ ಅಧಿಕೃತ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ. ಆರಾಧನೆಯ ಹೊತ್ತು, ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥನೆ, ಸಾವಿನ ಸುದ್ದಿ, ಮನೆಕೂಟದ ಜಾಗ ಇಷ್ಟೇ ಬರಲಿ. ಯಾರ ಬಗ್ಗೆಯೇ ದೂರು ಬಂದರೂ ಅಡ್ಮಿನ್ ಅದಕ್ಕೆ ಗುಂಪಿನಲ್ಲಿ ಉತ್ತರಿಸದೆ ಬರೆದವರಿಗೆ ಫೋನ್ ಮಾಡಲಿ. ಸತ್ಯವೇದದ ವಚನ ಹಾಕಿ ಚುಚ್ಚುವುದೂ ಇದರಲ್ಲಿ ಸೇರಿತು. ಜಗಳ ನಡೆದಿರುವಾಗ ಕಪಟಿಗಳ ಬಗೆಗಿನ ವಚನವನ್ನು ಸ್ಟೇಟಸ್ಸಿಗೆ ಇಡುವುದು ಯಾರಿಗೆ ಎಂದು ಸಭೆಯ ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ದೇವರ ವಾಕ್ಯವನ್ನು ಆ ಕೆಲಸಕ್ಕೆ ಇಳಿಸಬಾರದು.

ಹಂತ 5: ಇಬ್ಬರು ಮೂವರು ಹಿರಿಯರನ್ನು ಆರಿಸಿ

ಒಬ್ಬರೇ ಹೋಗಿ ಮಾತಾಡಿಯೂ ಆಗಲಿಲ್ಲ ಎಂದರೆ ಮತ್ತಾಯ 18:16ರ ಮೆಟ್ಟಿಲು: ಒಂದಿಬ್ಬರನ್ನು ಕರೆದುಕೊಂಡು ಹೋಗು. ಇಲ್ಲಿ ಎಲ್ಲವೂ ಯಾರನ್ನು ಆರಿಸುತ್ತೀರಿ ಎಂಬುದರ ಮೇಲಿದೆ.

ನಮ್ಮ ಹಳೆಯ ಸಭೆಗಳಲ್ಲಿ ಎರಡೂ ಕಡೆಗೆ ಸಂಬಂಧಿಯಲ್ಲದವರು ಸಿಗುವುದೇ ಕಷ್ಟ. ಸಿಗದಿದ್ದರೆ ಪಕ್ಕದ ಊರಿನ ಸಭೆಯಿಂದ ಕರೆಯಿರಿ. ಧಾರವಾಡದ ಜಗಳಕ್ಕೆ ಗದಗಿನವರು, ಹಾವೇರಿಯದಕ್ಕೆ ಹುಬ್ಬಳ್ಳಿಯವರು. ಬಸ್ಸಿನ ದಾರಿ ದೂರವೇನಿಲ್ಲ. ಅವರು ಒಂದೇ ಶಾಲೆ, ಆಸ್ಪತ್ರೆಯ ಸಹೋದ್ಯೋಗಿಗಳಾಗಿರಬಾರದು, ಮುಂದಿನ ಚುನಾವಣೆಗೆ ನಿಲ್ಲುವವರಾಗಿರಬಾರದು. ಒಬ್ಬರಾದರೂ ಹೆಣ್ಣುಮಗಳಿರಲಿ. ನಿವೃತ್ತ ಶಿಕ್ಷಕಿಯರು, ನರ್ಸುಗಳು ಈ ಕೆಲಸಕ್ಕೆ ಬಹಳ ಒಳ್ಳೆಯವರು. ಕೇಳಿಸಿಕೊಳ್ಳುವುದು, ಕೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು ಅವರಿಗೆ ವೃತ್ತಿಯಿಂದಲೇ ಬಂದಿರುತ್ತದೆ. ಹೆಸರುಗಳಿಗೆ ಎರಡೂ ಕಡೆಯವರು ಮೊದಲೇ ಹೂಂ ಅನ್ನಬೇಕು.

ಒಂದು ಮಾತನ್ನು ಇಲ್ಲಿ ಬಿಚ್ಚಿ ಹೇಳಬೇಕು. ಕೆಲವು ಜಗಳಗಳ ಅಡಿಯಲ್ಲಿ ಜಾತಿ ಇರುತ್ತದೆ. ಹಳೆಯ ಮನೆತನ, ಆಮೇಲೆ ಬಂದವರು, ಊರ ಹೊರಗಿನ ಕೇರಿಯವರು ಎಂಬ ಭೇದ ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗಿನ ಜಾತಿಭೇದವನ್ನು ಘೋರ ಪಾಪವೆಂದೇ ಕರೆದಿದೆ. ಅಂಥ ನೋವು ತಂದವರಿಗೆ 'ಹೋಗಲಿ ಬಿಡ್ರಿ, ನಾವೆಲ್ಲ ಕ್ರಿಸ್ತನಲ್ಲಿ ಒಂದೇ' ಎಂದು ಬಾಯಿ ಮುಚ್ಚಿಸಬೇಡಿ. ಮಧ್ಯಸ್ಥರಲ್ಲಿ ಅವರ ಕಡೆಯವರು ಒಬ್ಬರು ಇರಲೇಬೇಕು.

ಹಂತ 6: ಕೂತು ಮಾತಾಡುವ ದಿನ

ಜಾಗ: ಪಾಸ್ಟರ್ ಮನೆಯೂ ಬೇಡ, ಯಾರೊಬ್ಬರ ಮನೆಯೂ ಬೇಡ. ಸಂಡೇ ಸ್ಕೂಲ್ ಕೋಣೆ ಅಥವಾ ಶಾಲೆಯ ಒಂದು ತರಗತಿ ಸಾಕು. ಭಾನುವಾರ ಬಿಟ್ಟು ಬೇರೆ ದಿನ ಸಂಜೆ, ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚಾದರೆ ದಣಿವಿನಲ್ಲಿ ಹಳೆಯ ಮಾತುಗಳು ಏಳುತ್ತವೆ. ಮುಗಿಯದಿದ್ದರೆ ಇನ್ನೊಂದು ದಿನ ಕೂಡಿ. ಕುರ್ಚಿಗಳನ್ನು ಎದುರುಬದುರು ಹಾಕದೆ ದುಂಡಗೆ ಹಾಕಿ.

ಪ್ರಾರ್ಥನೆಯಿಂದ ಶುರು ಮಾಡಿ, ಆದರೆ ಅದನ್ನು ಮಧ್ಯಸ್ಥರೇ ಮಾಡಲಿ, ಚಿಕ್ಕದಾಗಿರಲಿ. ಜಗಳದಲ್ಲಿರುವವರ ಕೈಗೆ ಆರಂಭದ ಪ್ರಾರ್ಥನೆ ಕೊಟ್ಟರೆ 'ಕರ್ತನೇ, ಸುಳ್ಳು ಹೇಳುವ ನಾಲಿಗೆಗಳನ್ನು ಮುಟ್ಟು' ಎಂದು ದೇವರ ಹೆಸರಿನಲ್ಲಿ ಎದುರಿನವರಿಗೇ ಮಾತು ಹೋಗುತ್ತದೆ. ಕಣ್ಣು ಮುಚ್ಚಿ ಕೂತವರಿಗೆ ಅದಕ್ಕೆ ಉತ್ತರಿಸಲೂ ಆಗುವುದಿಲ್ಲ, 'ಆಮೆನ್' ಅನ್ನಲೂ ಆಗುವುದಿಲ್ಲ.

ಆಮೇಲೆ ಒಬ್ಬೊಬ್ಬರಿಗೆ ಹತ್ತು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮೊದಲು ಮಾತಾಡಿದವನೇ ಸರಿ ಎಂದು ಕಾಣುತ್ತದೆ, ಇನ್ನೊಬ್ಬ ಬಂದು ವಿಚಾರಿಸುವ ತನಕ: ಜ್ಞಾನೋಕ್ತಿ 18:17 ಇದನ್ನೇ ಹೇಳುವುದು. ಮಧ್ಯಸ್ಥರು ಎರಡನೆಯವರ ಮಾತು ಮುಗಿಯುವ ತನಕ ತಲೆ ಕೂಡ ಆಡಿಸಬಾರದು. ನಂತರ ಈ ಕೆಲಸ ಮಾಡಿಸಿ: ಅವರು ಹೇಳಿದ್ದನ್ನು ಇವರು ತಮ್ಮ ಬಾಯಲ್ಲಿ ಹೇಳಬೇಕು. 'ಅಕ್ಕಾರ ಹೇಳಿದ್ದೇನು ಅಂದ್ರ, ಲೆಕ್ಕದಾಗ ಹೆಸರು ಬರಲಿಲ್ಲ ಅಂದಾಗ ಹದಿನೈದು ಹೆಣ್ಮಕ್ಕಳು ಎರಡು ದಿನಾ ಒಲಿ ಮುಂದ ಕುಂತಿದ್ದು ಯಾರಿಗೂ ಕಾಣಲಿಲ್ಲ ಅಂತ ಅನಿಸ್ತು, ಹೌದಲ್ರಿ?' ಎಂದು ಖಜಾಂಚಿ ಹೇಳಿ, ಹಿರಿಯಕ್ಕ ಹೌದು ಎಂದ ಮೇಲೆಯೇ ಖಜಾಂಚಿಯ ಉತ್ತರಕ್ಕೆ ಹೊತ್ತು. ಎದುರಿನವರ ಬಾಯಲ್ಲಿ ತಮ್ಮ ನೋವು ಕೇಳಿದ ಮೇಲೆ ಜನ ಬಹಳಷ್ಟು ಮೆತ್ತಗಾಗುತ್ತಾರೆ.

ಪರಿಹಾರಕ್ಕೆ ಬಂದಾಗ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನು ನಿಧಾನಕ್ಕೆ ಓದಿ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂದು ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು ಗದರಿಸಲಿಲ್ಲ, ಸಹಿಸಿಕೊಳ್ಳಿ ಎನ್ನಲಿಲ್ಲ. ಏಳು ಜನರನ್ನು ಸಭೆಯೇ ಆರಿಸಿತು. ಸ್ತೆಫನ, ಫಿಲಿಪ್ಪ ಮೊದಲಾಗಿ ಆ ಏಳೂ ಹೆಸರು ಗ್ರೀಕ್ ಹೆಸರುಗಳು. ನೊಂದವರ ಕಡೆಯವರ ಕೈಗೇ ಹಂಚಿಕೆಯ ಕೆಲಸ ಬಂತು. ನಮ್ಮಲ್ಲಿ ಲೆಕ್ಕದ ಬಗ್ಗೆ ಕೇಳಿದವರನ್ನು ಲೆಕ್ಕದ ಹತ್ತಿರ ಸುಳಿಯಗೊಡುವುದಿಲ್ಲ. ಅದನ್ನು ತಿರುಗಿಸಿ.

ಒಪ್ಪಿದ್ದನ್ನು ಅಂದೇ ಬರೆಯಿರಿ, ಅಲ್ಲಿಯೇ ಎಲ್ಲರೂ ಸಹಿ ಮಾಡಲಿ:

'ಈ ವರ್ಷದ ಮಹಿಳಾ ಸಂಘದ ಜಮಾ-ಖರ್ಚನ್ನು ಈ ತಿಂಗಳ ಕೊನೆಯ ಭಾನುವಾರ ಸಭೆಯಲ್ಲಿ ಬೇರೆಯಾಗಿ ಓದುವುದು. ಮುಂದಿನ ಸುಗ್ಗಿ ಹಬ್ಬದಿಂದ ಹಣ ಎಣಿಸುವಾಗ ಸಂಘದ ಒಬ್ಬರು ಕೂಡುವುದು. ರಸೀದಿ ಅಂದೇ ಕೊಡುವುದು. ಈ ವಿಷಯವನ್ನು ಯಾರೂ ಗುಂಪಿನಲ್ಲಿ ಎತ್ತದಿರುವುದು.'

ಪ್ರೀತಿಯಿಂದ ಇರುತ್ತೇವೆ ಎಂದು ಬರೆದರೆ ಅದನ್ನು ಅಳೆಯುವುದು ಹೇಗೆ? ಯಾರು, ಏನು, ಯಾವ ದಿನದೊಳಗೆ ಎಂಬುದು ಕಾಗದದಲ್ಲಿರಬೇಕು.

ಹಂತ 7: ಕ್ಷಮೆ ಕೇಳುವುದು, ಲೆಕ್ಕ ಕೊಡುವುದು

ಇವೆರಡನ್ನೂ ಕಲಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಲೆಕ್ಕ ಕೇಳಿದವರಿಗೆ 'ನಿಮಗ ಕ್ಷಮಿಸೋ ಮನಸ್ಸಿಲ್ಲ' ಎನ್ನುವುದು ನಮ್ಮ ಸಭೆಗಳಲ್ಲಿ ಬಹಳ ಸಲ ಕೇಳುವ ಮಾತು. ಕ್ಷಮೆ ನೊಂದವರ ಹೃದಯದಲ್ಲಿ ದೇವರು ಮಾಡುವ ಕೆಲಸ, ಅದಕ್ಕೆ ಹೊತ್ತು ಬೇಕು, ಬಲವಂತ ಮಾಡಲಾಗದು. ಲೆಕ್ಕ ಕೊಡುವುದು ಜವಾಬ್ದಾರಿ ಹೊತ್ತವರ ಕೆಲಸ, ಅದಕ್ಕೆ ಯಾರ ಕ್ಷಮೆಯನ್ನೂ ಕಾಯಬೇಕಿಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು ಎನ್ನುವ ಮತ್ತಾಯ 5:23-24 ಯಾರಿಗೆ ಹೇಳಿದ್ದು? ಹೊರಡಬೇಕಾದದ್ದು ತಪ್ಪು ಮಾಡಿದವರು.

ಕ್ಷಮೆ ಕೇಳುವಾಗ 'ನಿಮಗ ನೋವಾಗಿದ್ರ ಕ್ಷಮಿಸಿ' ಎನ್ನಬೇಡಿ. 'ನಾನು ಹಿಂಗ ಮಾಡಿದೆ, ಅದು ತಪ್ಪಾತು' ಎನ್ನಿ. ಸಭೆಯ ಮುಂದೆ ಆದ ತಪ್ಪಿಗೆ ಸಭೆಯ ಮುಂದೆ, ಮನೆಯಲ್ಲಾದದ್ದಕ್ಕೆ ಮನೆಯಲ್ಲಿ. 1950ರಲ್ಲಿ ರೂಪಗೊಂಡ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕರ್ತನ ಭೋಜನದ, ಅಂದರೆ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ, ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ಕೊಡುವ ಭಾಗವಿದೆ. ರಾಜಿಯಾದ ಮೇಲಿನ ಮೊದಲ ಕರ್ತನ ಭೋಜನದಲ್ಲಿ ಆ ಕೈ ಕೊಡುವುದಕ್ಕೆ ಇಬ್ಬರೂ ಸಿದ್ಧರಿದ್ದಾರೆಯೇ ಎಂದು ಸಭಾಪಾಲಕರು ಮುಂಚೆಯೇ ಮನೆಗೆ ಹೋಗಿ ಕೇಳಲಿ. ಸಿದ್ಧರಿಲ್ಲದಿದ್ದರೆ ಎಲ್ಲರ ಎದುರು ಕೈ ಹಿಡಿಸಿ ಫೋಟೊ ತೆಗೆಸುವುದು ಬೇಡ.

ಹಂತ 8: ಹಣ, ಚುನಾವಣೆ, ಆಸ್ತಿ

ಇಂಥ ಜಗಳಗಳಲ್ಲಿ ಮನಸ್ಸು ರಿಪೇರಿ ಮಾಡುವುದಕ್ಕಿಂತ ಮೊದಲು ವ್ಯವಸ್ಥೆ ರಿಪೇರಿ ಮಾಡಿ. ಬ್ಯಾಂಕ್ ಖಾತೆಗೆ ಒಂದೇ ಮನೆಯವರಲ್ಲದ ಇಬ್ಬರ ಸಹಿ, ಕಾಣಿಕೆ ಎಣಿಸಲು ಪ್ರತಿ ಸಲ ಇಬ್ಬರು, ಮೂರು ತಿಂಗಳಿಗೊಮ್ಮೆ ಲೆಕ್ಕ ನೋಟಿಸ್ ಬೋರ್ಡಿಗೆ. ಚುನಾವಣೆಗೆ ಮುಂಚೆ ಮತದಾರರ ಪಟ್ಟಿಯನ್ನು ಬೋರ್ಡಿಗೆ ಹಚ್ಚಿ, ತಕರಾರಿಗೆ ದಿನ ಕೊಡಿ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಹಣಕಾಸು ಸಮಿತಿ ಇರಲೇಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೇ ನಿಯಮ ಹೇಳುತ್ತದೆ. ಇಲ್ಲದಿದ್ದರೆ ಫಾದರ್ ಅವರನ್ನು ಗೌರವದಿಂದಲೇ ಕೇಳಬಹುದು.

ಸಂಘವಾಗಿ ನೋಂದಾಯಿಸಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನಡಿ ಮೂರನೇ ಒಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ಟು ನೋಂದಣಾಧಿಕಾರಿಯ ವಿಚಾರಣೆ ಕೇಳಲು ಅವಕಾಶವಿದೆ. ಸಾರ್ವಜನಿಕ ಧಾರ್ಮಿಕ ಟ್ರಸ್ಟಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿಗೆ ಹೋಗುವ ದಾರಿ ಇದೆ. ಆಸ್ತಿಯ ಜಗಳದಲ್ಲಿ ಮಾತಾಡುವ ಮುಂಚೆ ಉತಾರ (ಆಸ್ತಿಯ ದಾಖಲೆ) ತೆಗೆಸಿ, ಯಾವ ಟ್ರಸ್ಟಿನ ಹೆಸರಿದೆ ನೋಡಿ.

ಹಂತ 9: ಪಾಸ್ಟರೇ ಒಂದು ಕಡೆಯವರಾದರೆ

ಸಭಾಪಾಲಕರ ಮೇಲಿನ ದೂರನ್ನು ಎರಡು ಮೂರು ಸಾಕ್ಷಿಗಳಿಲ್ಲದೆ ತಗೊಳ್ಳಬೇಡ ಎಂದು 1 ತಿಮೊಥೆ 5:19 ಹೇಳುತ್ತದೆ. ಮುಂದಿನ ವಚನದಲ್ಲೇ, ಪಾಪ ಮಾಡುವವರನ್ನು ಎಲ್ಲರ ಮುಂದೆ ಗದರಿಸು ಎಂದೂ ಇದೆ. ಗಾಳಿಸುದ್ದಿಯಿಂದ ಅವರನ್ನು ಕಾಪಾಡಬೇಕು, ದೂರು ಸಾಬೀತಾದರೆ ಮುಚ್ಚಬಾರದು. ಮೊದಲು ಅವರ ಜೊತೆಗೇ ಮಾತು. ಆಗದಿದ್ದರೆ ಸಿಎಸ್‌ಐಯಲ್ಲಿ ಲಿಖಿತ ದೂರು ಕಮಿಟಿಯ ಮೂಲಕ ಧಾರವಾಡದ ಧರ್ಮಪ್ರಾಂತ ಕಚೇರಿಗೆ, ಕಥೋಲಿಕರಲ್ಲಿ ಧರ್ಮಾಧ್ಯಕ್ಷರಿಗೆ. ದೂರಿನಲ್ಲಿ ದಿನಾಂಕ, ಆದದ್ದು, ಬೇಡಿಕೆ ಇರಲಿ, ವಿಶೇಷಣಗಳು ಬೇಡ. ಒಂದು ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿ ಸಹಿ ಪಡೆಯಿರಿ. ಕಥೋಲಿಕರ ಸಂಹಿತೆಯ 1733ನೇ ನಿಯಮ ಇಂಥ ವ್ಯಾಜ್ಯವನ್ನು ಮೊದಲು ಮಾತುಕತೆಯಿಂದ, ಮಧ್ಯಸ್ಥರಿಂದ ಬಗೆಹರಿಸುವುದು ಒಳ್ಳೆಯದೆನ್ನುತ್ತದೆ. ಅದನ್ನು ಉಲ್ಲೇಖಿಸಿ ಕೇಳಿ.

ಸ್ವತಂತ್ರ ಸಭೆಗಳಲ್ಲಿ ಮೇಲಿನವರಿಲ್ಲ. ಜಗಳ ಇಲ್ಲದ ದಿನಗಳಲ್ಲೇ ಊರಿನ ಇಬ್ಬರು ಹಿರಿಯ ಪಾಸ್ಟರುಗಳ ಹೆಸರನ್ನು ಟ್ರಸ್ಟಿನ ಠರಾವಿನಲ್ಲಿ ಬರೆದಿಡಿ: ತಕರಾರು ಬಂದರೆ ಇವರು ಕೇಳುತ್ತಾರೆ, ಎರಡೂ ಕಡೆಯವರಿಗೆ ಅದು ಒಪ್ಪಿಗೆ ಎಂದು. ಜಗಳ ಬಂದ ಮೇಲೆ ಯಾವ ಹೆಸರಿಗೂ ಒಪ್ಪಿಗೆ ಸಿಗುವುದಿಲ್ಲ.

ಹಂತ 10: ಕೋರ್ಟಿನ ಬಾಗಿಲು

ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಕೇಸು ಹಾಕುವುದು ಈಗ ದೂರದ ಮಾತಲ್ಲ. ಆದರೆ ಕೇಸು ಹಾಕಿದ ಸಭೆ ವರ್ಷಗಟ್ಟಲೆ ವಕೀಲರ ಫೀಸಿಗೆ ಕಾಣಿಕೆ ಎತ್ತುತ್ತದೆ. ಹೋಗಲೇಬೇಕಾದರೆ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಲೋಕ ಅದಾಲತ್ತಿಗೆ ಕೇಳಿ. ಕೋರ್ಟ್ ಫೀ ಇಲ್ಲ, ಇಬ್ಬರೂ ಒಪ್ಪಿದರೆ ಆಗುವ ತೀರ್ಪಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಕೂಡದಿದ್ದರೆ

ಆರಾಧನೆಯ ರೀತಿ, ದೀಕ್ಷಾಸ್ನಾನ, ಅನ್ಯಭಾಷೆ (ಪ್ರಾರ್ಥನೆಯಲ್ಲಿ ಆತ್ಮದ ಪ್ರೇರಣೆಯಿಂದ ಆಡುವ ಮಾತು) ಮುಂತಾದವುಗಳ ಮೇಲೆ ಬಂದ ಭೇದ ಒಂದು ಸಂಜೆಯಲ್ಲಿ ತೀರುವುದಿಲ್ಲ. ಬೇರೆ ಬೇರೆ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಗುವುದಕ್ಕೆ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತು 1947ರ ಸೆಪ್ಟೆಂಬರ್ 27ಕ್ಕೆ ಕೈಗೂಡಿತು. ಪೌಲ, ಬಾರ್ನಬರು ಮಾರ್ಕನನ್ನು ಜೊತೆಗೆ ಕರೆದೊಯ್ಯುವ ವಿಷಯದಲ್ಲಿ ತೀವ್ರವಾಗಿ ವಾದಿಸಿ ಬೇರೆಯಾದರು. ವರ್ಷಗಳ ನಂತರ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದು ತಿಮೊಥೆಗೆ ಬರೆದ. ಫಿಲಿಪ್ಪಿಯ ಸಭೆಯಲ್ಲಿ ಮನಸ್ತಾಪವಿದ್ದ ಯುವೊದ್ಯ ಮತ್ತು ಸಂತುಕೆ ರಾಜಿಯಾದರೋ ಇಲ್ಲವೋ ಸತ್ಯವೇದ ಹೇಳುವುದಿಲ್ಲ. ಆದರೂ ಆ ಇಬ್ಬರು ಹೆಣ್ಣುಮಕ್ಕಳನ್ನು ಪೌಲ ಸುವಾರ್ತೆಗಾಗಿ ತನ್ನ ಜೊತೆ ದುಡಿದವರು ಎಂದೇ ಕರೆದ.

ಹಾಗಾಗಿ ಒಂದು ಮನೆಯವರು ಬೇರೆ ಸಭೆಗೆ ಹೋಗುತ್ತೇವೆ ಎಂದರೆ ಸದಸ್ಯತ್ವದ ಪತ್ರವನ್ನು ಅದೇ ವಾರ ಬರೆದುಕೊಡಿ. ಅದರಲ್ಲಿ ಜಗಳದ ಮಾತು ಬೇಡ, ಇಷ್ಟು ವರ್ಷ ಇಲ್ಲಿ ಸೇವೆ ಮಾಡಿದರು ಎಂದಿರಲಿ. ಮಕ್ಕಳ ದೀಕ್ಷಾಸ್ನಾನ, ಮದುವೆಯ ದಾಖಲೆಗಳ ಪ್ರತಿ ಕೇಳಿದಾಗ ಸತಾಯಿಸಬೇಡಿ. ಇನ್ನೊಂದು, ಸ್ಮಶಾನದ ಜಾಗ. ಎಷ್ಟೋ ಸ್ವತಂತ್ರ ಸಭೆಗಳಿಗೆ ಸ್ವಂತ ಸ್ಮಶಾನವಿಲ್ಲ, ಮುನಿಸಿಕೊಂಡು ಹೋದ ಮನೆಯಲ್ಲಿ ಸಾವಾದಾಗ ಹಳೆಯ ಸಭೆಯ ಕಮಿಟಿಯ ಮುಂದೆಯೇ ಬಂದು ನಿಲ್ಲಬೇಕಾಗುತ್ತದೆ. ಬಾಕಿ ಚಂದಾ, ಹಳೆಯ ಜಗಳದ ಲೆಕ್ಕ ಅಂದು ತೆಗೆಯಬಾರದು. ಬಿಟ್ಟುಹೋದ ಸದಸ್ಯರ ಮನೆಯವರಿಗೂ ಸಮಾಧಿಗೆ ಜಾಗ ಇದೆ ಎಂದು ಕಮಿಟಿ ಈಗಲೇ ಠರಾವು ಮಾಡಿ, ಅದರ ಪ್ರತಿಯನ್ನು ಹೋಗುವ ಮನೆಯ ಹಿರಿಯರ ಕೈಗೆ ಸದಸ್ಯತ್ವದ ಪತ್ರದ ಜೊತೆಗೇ ಕೊಡಲಿ.